ಲೊಕೇಶನ್ ಕೂಡಾ ಒಂದು ಅಮಾನತ್

(ನಮ್ಮ ಘಟಕದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಉಸ್ತಾದರೇ, ಘಟಕದ ಅಧ್ಯಕ್ಷರೇ, ದಮ್ಮಾಮ್, ಖೋಬರ್, ಜುಬೈಲ್ ಕಡೆಗಳಿಂದ ಡ್ಯೂಟಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಪ್ರೀತಿಯ ಸಹೋದರರೇ,

ಇವತ್ತಿನ ಸಭೆಯ ಮುಂದೆ ಒಂದು ಪ್ರಸ್ತಾಪ ಉಂಟು. ನಮ್ಮ ಎಲ್ಲಾ ಸದಸ್ಯರ ಲೊಕೇಶನನ್ನು ಒಂದೇ ಕಡೆ ಸಂಗ್ರಹಿಸಿ ಇಡಬೇಕು, ಸಾಧ್ಯವಾದರೆ ಪ್ರತಿಯೊಬ್ಬರ ಮೊಬೈಲಿನಿಂದ ಲೈವ್ ಲೊಕೇಶನ್ ಬರುವ ಹಾಗೆ ಒಂದು ಆಪ್ ಮಾಡಿಸಬೇಕು ಎಂದು ಸಾಂತ್ವನ ವಿಭಾಗದವರು ಕೇಳಿದ್ದಾರೆ. ಇದರ ಬಗ್ಗೆ ಸ್ವಲ್ಪ ಮಾತಾಡಬೇಕೆಂದು ಅಧ್ಯಕ್ಷರು ನನಗೆ ಹೇಳಿದರು.

ಮೊದಲೇ ಹೇಳಿಬಿಡುತ್ತೇನೆ, ಪ್ರಸ್ತಾಪ ತಂದವರ ಉದ್ದೇಶದಲ್ಲಿ ನನಗೆ ಎಳ್ಳಷ್ಟೂ ಸಂಶಯ ಇಲ್ಲ. ಅವರ ಕಷ್ಟ ನಮಗೆಲ್ಲ ಗೊತ್ತು. ಊರಿನಿಂದ ಒಬ್ಬರು ಉಮ್ಮ ಫೋನ್ ಮಾಡಿ, "ಮಗ ಎರಡು ದಿನದಿಂದ ಫೋನ್ ತೆಗೆಯುವುದಿಲ್ಲ, ಒಮ್ಮೆ ನೋಡಿ ಬನ್ನಿ ಮಕ್ಕಳೇ" ಎಂದು ಅತ್ತರೆ ಎಲ್ಲಿಗೆ ಹೋಗಿ ನೋಡುವುದು? ರೂಂ ಎಲ್ಲಿ ಅಂತ ಗೊತ್ತಿಲ್ಲ, ಕಂಪನಿ ಯಾವುದು ಅಂತ ಸರಿಯಾಗಿ ಗೊತ್ತಿಲ್ಲ. ಟ್ರೇಲರ್ ಓಡಿಸುವವನು ಹೈವೇಯಲ್ಲಿ ಸಿಕ್ಕಿಹಾಕಿಕೊಂಡರೆ, ಹೌಸ್ ಡ್ರೈವರ್ ಒಬ್ಬ ಆಸ್ಪತ್ರೆ ಸೇರಿದರೆ, ಅಲ್ಲಾಹನು ಕಾಪಾಡಲಿ, ಯಾರಾದರೂ ರೂಮಿನಲ್ಲೇ ಮರಣ ಹೊಂದಿದರೆ, ಮಯ್ಯಿತ್‌ನ ಕಾಗದಪತ್ರಕ್ಕೆ ಓಡಾಡುವುದು ನಮ್ಮ ಈ ಹುಡುಗರೇ. ಆದ್ದರಿಂದ ಬೇಡ ಎಂದು ಹೇಳಲಿಕ್ಕೆ ನಾನು ಇಲ್ಲಿ ನಿಂತದ್ದಲ್ಲ. ನಾವು ಸಹಾಯ ಮಾಡಲಿಕ್ಕೆ ಎಂದು ಬರೆದಿಟ್ಟ ಪುಸ್ತಕ ನಾಳೆ ಅದೇ ಸಹೋದರನಿಗೆ ತೊಂದರೆ ಕೊಡಬಾರದು, ಅದಕ್ಕೆ ಎಂತ ಮಾಡಬೇಕು ಎಂಬುದಷ್ಟೇ ನನ್ನ ವಿಷಯ.

ಈ ಲೊಕೇಶನ್ ಅಂದರೆ ಎಂತ ಎಂಬುದನ್ನು ಮೊದಲು ನೋಡುವ. ಆಕಾಶದಲ್ಲಿ ಒಂದು ಉಪಗ್ರಹ ಕೂತು ನಮ್ಮನ್ನು ನೋಡುತ್ತಾ ಇರುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಜಿಪಿಎಸ್ ಉಪಗ್ರಹಗಳು ರೇಡಿಯೋದ ಹಾಗೆ ಸಿಗ್ನಲ್ ಕಳುಹಿಸುತ್ತಾ ಇರುತ್ತವೆ ಅಷ್ಟೆ. ನಾಲ್ಕೈದು ಉಪಗ್ರಹಗಳ ಸಿಗ್ನಲ್ ಹಿಡಿದು, ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ನಮ್ಮ ಮೊಬೈಲು. ಕಟ್ಟಡದ ಒಳಗೆ ಇರುವಾಗ ಹತ್ತಿರದ ವೈಫೈ, ಮೊಬೈಲ್ ಟವರ್ ನೋಡಿ ಅಂದಾಜು ಮಾಡುತ್ತದೆ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಮೊಬೈಲು ಆ ಲೆಕ್ಕವನ್ನು ಇನ್ನೊಬ್ಬರಿಗೆ ಕಳುಹಿಸಿ, ಆ ಇನ್ನೊಬ್ಬರು ಅದನ್ನು ಬರೆದಿಟ್ಟುಕೊಳ್ಳುವಾಗ ವಿಷಯ ಶುರುವಾಗುತ್ತದೆ.

ಒಂದು ಸಲದ ಲೊಕೇಶನ್ ಬೇರೆ, ಒಂದು ತಿಂಗಳ ಲೊಕೇಶನ್ ಬೇರೆ. ಈಗ ನಾನು ಈ ಹಾಲ್‌ನಲ್ಲಿದ್ದೇನೆ ಎಂದರೆ ಅದರಿಂದ ಯಾರಿಗೂ ಹೆಚ್ಚು ಗೊತ್ತಾಗುವುದಿಲ್ಲ. ಆದರೆ ಒಂದು ತಿಂಗಳು ನನ್ನ ಮೊಬೈಲು ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟರೆ? ರಾತ್ರಿ ಇರುವ ಜಾಗ ನನ್ನ ರೂಂ. ಹಗಲು ಇರುವ ಜಾಗ ನನ್ನ ಕೆಲಸ. ಜುಮುಅಕ್ಕೆ ಹೋಗುವ ಜಾಗ ನನ್ನ ಮಸೀದಿ. ತಿಂಗಳ ಮೊದಲ ವಾರ ನಿಲ್ಲುವ ಜಾಗ ನಾನು ಊರಿಗೆ ಹಣ ಕಳುಹಿಸುವ ಎಕ್ಸ್‌ಚೇಂಜ್. ವಾರಕ್ಕೆರಡು ಸಲ ಕ್ಲಿನಿಕ್‌ಗೆ ಹೋದರೆ ನನಗೇನೋ ಕಾಯಿಲೆ ಉಂಟು. ಲೇಬರ್ ಆಫೀಸಿಗೆ ಹೋದರೆ ಕಂಪನಿಯ ಜೊತೆ ಏನೋ ತಕರಾರು ಉಂಟು. ಬಾಯಿಬಿಟ್ಟು ನಾನು ಯಾರಿಗೂ ಹೇಳದ ಸಂಗತಿಯನ್ನೆಲ್ಲ ಆ ಚುಕ್ಕಿಗಳು ಹೇಳಿಬಿಡುತ್ತವೆ.

"ಹೆಸರು ತೆಗೆದು ನಂಬ್ರ ಮಾತ್ರ ಇಟ್ಟರೆ ಸಾಕಲ್ಲವಾ" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಸಾಕಾಗುವುದಿಲ್ಲ. ಯುರೋಪಿನ ಒಂದು ದೇಶದಲ್ಲಿ 15 ಲಕ್ಷ ಮಂದಿಯ 15 ತಿಂಗಳ ಮೊಬೈಲ್ ಟವರ್ ದಾಖಲೆಗಳನ್ನು ಹೆಸರು ತೆಗೆದು ಪರೀಕ್ಷೆ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ಚುಕ್ಕಿ ಗೊತ್ತಿದ್ದರೆ, ಅಷ್ಟು ಲಕ್ಷ ಜನರ ಮಧ್ಯೆ 100ರಲ್ಲಿ 95 ಮಂದಿಯನ್ನು ಬೇರೆಯಾಗಿ ಗುರುತಿಸಬಹುದು ಎಂದು ಅವರು ತೋರಿಸಿದರು. 15 ಲಕ್ಷದಲ್ಲೇ ಹೀಗೆ. ನಮ್ಮ ಘಟಕದಲ್ಲಿ ಕೆಲವು ನೂರು ಜನ. ಒಬ್ಬರ ರೂಂ ಇನ್ನೊಬ್ಬರಿಗೆ ಗೊತ್ತು, ಊರು ಗೊತ್ತು, ಮನೆತನ ಗೊತ್ತು. ಇಲ್ಲಿ ಹೆಸರು ಅಳಿಸಿ ಏನು ಪ್ರಯೋಜನ ಮಾರಾಯ್ರೇ? ಇಂಥ ಕ್ಯಾಂಪಿನಲ್ಲಿ ಮಲಗಿ, ಇಂಥ ಬಕಾಲಾದಲ್ಲಿ ಕೆಲಸ ಮಾಡುವ ಮಂಗಳೂರಿನವನು ಒಬ್ಬನೇ ಇರುವುದು.

ನಮ್ಮ ಸಮುದಾಯಕ್ಕೇ ತಾಗಿದ ಒಂದು ಉದಾಹರಣೆ ಕೊಡುತ್ತೇನೆ. ಮುಸ್ಲಿಂ ಪ್ರೊ ಎಂಬ ಆಪ್ ನಿಮ್ಮಲ್ಲಿ ಅನೇಕರು ಕೇಳಿರಬಹುದು, ಬಳಸಿರಲೂಬಹುದು. ನಮಾಝಿನ ಸಮಯ ಹೇಳುತ್ತದೆ, ಕಿಬ್ಲಾದ ದಿಕ್ಕು ತೋರಿಸುತ್ತದೆ. ಅದಕ್ಕೆ ಲೊಕೇಶನ್ ಬೇಕೇ ಬೇಕು, ನ್ಯಾಯವಾದ ಅಗತ್ಯ. ಜಗತ್ತಿನಾದ್ಯಂತ 9 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿದ್ದ ಆಪ್ ಅದು. 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಎಂಬ ಅಮೆರಿಕದ ಸುದ್ದಿ ತಾಣ ಒಂದು ವರದಿ ಪ್ರಕಟಿಸಿತು. ಆ ಆಪ್‌ನಿಂದ ಲೊಕೇಶನ್ ಎಕ್ಸ್-ಮೋಡ್ ಎಂಬ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯಿಂದ ಖರೀದಿ ಮಾಡುವವರಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂದು. ಸುದ್ದಿ ಹೊರಬಂದ ಕೂಡಲೇ ಆ ಕಂಪನಿಯ ಜೊತೆಗಿನ ಸಂಬಂಧ ಕಡಿದುಕೊಳ್ಳುವುದಾಗಿ ಆಪ್‌ನವರು ಹೇಳಿದರು. ಮುಂದೆ 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಎಕ್ಸ್-ಮೋಡ್ ಮತ್ತು ಅದರ ಹೊಸ ರೂಪವಾದ ಔಟ್‌ಲಾಜಿಕ್ ಆಸ್ಪತ್ರೆ, ಆರಾಧನಾಲಯದಂಥ ಸೂಕ್ಷ್ಮ ಜಾಗಗಳ ಲೊಕೇಶನ್ ಮಾರಬಾರದು ಎಂಬ ಆದೇಶ ಹೊರಡಿಸಿತು.

ನಮಾಝಿಗೆಂದು ಕೊಟ್ಟ ಲೊಕೇಶನ್ ಕೈಯಿಂದ ಕೈಗೆ ದಾಟಿ ಎಲ್ಲಿಗೆ ಹೋಯಿತು ನೋಡಿ. ಕೊಟ್ಟವರಿಗೆ ಗೊತ್ತೇ ಇರಲಿಲ್ಲ.

ಮಾರುವ ಉದ್ದೇಶ ಇಲ್ಲದಿದ್ದರೂ ಸೋರಬಹುದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ಕೊರೋನಾ ಕಾಲದಲ್ಲಿ ಕತಾರ್‌ನಲ್ಲಿ ಎಹ್ತೆರಾಝ್ ಎಂಬ ಆಪ್ ಕಡ್ಡಾಯವಾಗಿತ್ತು. ಅಲ್ಲಿರುವ ನಮ್ಮವರೆಲ್ಲ ಅದನ್ನು ಹಾಕಿಕೊಂಡವರೇ. ಜನರ ಆರೋಗ್ಯಕ್ಕಾಗಿ ತಂದದ್ದು. 2020ರ ಮೇ ತಿಂಗಳಲ್ಲಿ ಅದರಲ್ಲಿ ಒಂದು ಭದ್ರತಾ ದೋಷ ಇರುವುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಪತ್ತೆ ಮಾಡಿತು. 10 ಲಕ್ಷಕ್ಕೂ ಹೆಚ್ಚು ಜನರ ಹೆಸರು, ಗುರುತಿನ ನಂಬ್ರ, ಆರೋಗ್ಯ ಸ್ಥಿತಿ, ಲೊಕೇಶನ್ ಮುಂತಾದವು ಹೊರಗಿನವರ ಕೈಗೆ ಸಿಗುವ ಹಾಗಿತ್ತು. ತಿಳಿಸಿದ ಕೂಡಲೇ ಅದನ್ನು ಸರಿಪಡಿಸಿದರು. ಒಂದು ಸರಕಾರದ ಬಳಿ ಎಂಜಿನಿಯರುಗಳಿದ್ದಾರೆ, ಹಣ ಉಂಟು. ಅಲ್ಲೇ ಹೀಗಾದರೆ, ನಮ್ಮ ಯಾರೋ ಒಬ್ಬ ಹುಡುಗ ಬಿಡುವಿನ ವೇಳೆಯಲ್ಲಿ ಮಾಡಿಕೊಡುವ ಆಪ್, ಇಪ್ಪತ್ತು ಮಂದಿಗೆ ಲಿಂಕ್ ಇರುವ ಎಕ್ಸೆಲ್ ಶೀಟ್, ಇವುಗಳ ಗತಿ ಎಂತ?

ನಾನು ಲೆಕ್ಕಪತ್ರದ ಮನುಷ್ಯ. ಕಾಮರ್ಸ್ ಓದಿದವರಿಗೆ ಮೊದಲ ವರ್ಷದಲ್ಲೇ ಒಂದು ಪಾಠ ಇರುತ್ತದೆ. ನಮ್ಮ ಸ್ವಂತದ್ದು ಆಸ್ತಿ. ಇನ್ನೊಬ್ಬರು ನಮ್ಮ ಹತ್ತಿರ ಇಟ್ಟು ಹೋದದ್ದು ಹೊಣೆಗಾರಿಕೆ. ಪೆಟ್ಟಿಗೆಯಲ್ಲಿ ಎರಡೂ ಒಂದೇ ಬಣ್ಣದ ನೋಟು. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಇನ್ನೊಬ್ಬರ ಡಿಪಾಸಿಟನ್ನು ಹೊಣೆಗಾರಿಕೆಯ ಕಡೆ ಬರೆಯಬೇಕು. ಅದು ಹೆಚ್ಚಾದಷ್ಟೂ ನಾವು ಶ್ರೀಮಂತರಾಗುವುದಿಲ್ಲ, ನಮ್ಮ ತಲೆಯ ಮೇಲಿನ ಭಾರ ಹೆಚ್ಚಾಗುತ್ತದೆ. ನಮ್ಮ ದೀನಿನ ಭಾಷೆಯಲ್ಲಿ ಇದಕ್ಕೆ ಅಮಾನತ್ ಎನ್ನುತ್ತೇವೆ. ಸದಸ್ಯರ ಲೊಕೇಶನ್ ಸಂಘಟನೆಯ ಆಸ್ತಿ ಅಲ್ಲ. "ನಮ್ಮಲ್ಲಿ ಇಷ್ಟು ಜನರ ಡೇಟಾ ಉಂಟು" ಎಂದು ಹೆಮ್ಮೆ ಪಡುವ ಸಂಗತಿ ಅಲ್ಲ. ಅದು ಅಮಾನತ್. ಆದಷ್ಟು ಕಡಿಮೆ ಇಟ್ಟುಕೊಳ್ಳಬೇಕು, ಕೆಲಸ ಮುಗಿದ ಕೂಡಲೇ ಹಿಂದಿರುಗಿಸಬೇಕು. ನಾನು ಇವತ್ತು ಹೇಳಲಿಕ್ಕೆ ಬಂದ ಮುಖ್ಯ ಮಾತು ಇದೇ.

ಯಾರಿಗೆ ತೊಂದರೆಯಾಗುತ್ತದೆ ಎಂದು ಕೇಳಬಹುದು. ನಮ್ಮ ಮಧ್ಯೆಯೇ ನೋಡಿ. ಕಂಪನಿ ಇಕಾಮಾ ನವೀಕರಿಸದೆ ಬಿಟ್ಟ ಕಾರಣ ಹೊರಗೆ ತಿರುಗಲು ಹೆದರುವವರು ಇದ್ದಾರೆ, ತಪ್ಪು ಅವರದ್ದಲ್ಲ. ಸಂಬಳದ ಬಾಕಿಗಾಗಿ ಕೇಸು ಹಾಕಿ, ಕೇಸು ಮುಗಿಯುವ ತನಕ ಸ್ನೇಹಿತನ ರೂಮಿನಲ್ಲಿ ಇರುವವರು ಇದ್ದಾರೆ. ಸಾಲ ಕೊಟ್ಟವನ ಕಾಟಕ್ಕೆ ರೂಂ ಬದಲಿಸಿದವರು ಇದ್ದಾರೆ. ಮನೆಯೊಳಗಿನ ಜಗಳ ಮಾತುಕತೆಯಲ್ಲಿ ಮುಗಿಯುವ ತನಕ ಯಾರಿಗೂ ಸಿಗದೆ ಇರಬೇಕಾದವರೂ ಇದ್ದಾರೆ. ನಮ್ಮ ಸಹೋದರಿಯರು ನರ್ಸಾಗಿ, ಟೀಚರಾಗಿ ಇಲ್ಲಿ ಒಬ್ಬರೇ ಇದ್ದಾರೆ. ಅವರ ಫ್ಲ್ಯಾಟಿನ ಲೊಕೇಶನ್ ಇನ್ನೂರು ಗಂಡಸರ ಗ್ರೂಪಿನಲ್ಲಿ ಬಿದ್ದರೆ ಅವರ ಮನಸ್ಸಿಗೆ ಹೇಗಾಗಬೇಡ? ಊರಿನ ವಿಷಯವೂ ಹಾಗೆಯೇ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆ ತೋಟದ ಮಧ್ಯೆ ಒಂಟಿ ಮನೆಗಳು. ಯಜಮಾನ ಗಲ್ಫಿನಲ್ಲಿ, ಮನೆಯಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದ ಉಮ್ಮ. ಆ ಮನೆಯ ಲೊಕೇಶನ್ ಮತ್ತು ಯಜಮಾನ ಇಲ್ಲಿದ್ದಾನೆ ಎಂಬ ಮಾಹಿತಿ ಎರಡೂ ಒಂದೇ ಸಾಲಿನಲ್ಲಿ ಬರೆದಿಟ್ಟರೆ ಕಳ್ಳನಿಗೆ ಬೇರೆ ಎಂತ ಬೇಕು?

ಹಾಗಾದರೆ ಸಂಗ್ರಹಿಸುವುದು ಹೇಗೆ? ಕೆಲವು ನಿಯಮಗಳನ್ನು ನಾನು ಸಭೆಯ ಮುಂದೆ ಇಡುತ್ತೇನೆ.

ಮೊದಲನೆಯದು, ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆದಿಡಬೇಕು. "ಅನಾರೋಗ್ಯ, ಅಪಘಾತ, ಮರಣ, ನಾಪತ್ತೆ, ಇಷ್ಟಕ್ಕೆ ಮಾತ್ರ." ಝಕಾತಿನ ಹಣದ ವಿಷಯ ನಮಗೆಲ್ಲ ಗೊತ್ತುಂಟು. ಯಾರಿಗೆ ಕೊಡಬೇಕೋ ಅವರಿಗೇ ಕೊಡಬೇಕು. ಮಸೀದಿಗೆ ಬಣ್ಣ ಹೊಡೆಯಲು ದುಡ್ಡು ಕಮ್ಮಿಯಾಯಿತು ಎಂದು ಅದರಿಂದ ತೆಗೆಯಲಿಕ್ಕೆ ಯಾವ ಜಮಾಅತ್ ಕಮಿಟಿಯೂ ಧೈರ್ಯ ಮಾಡುವುದಿಲ್ಲ. ಲೊಕೇಶನ್ ಕೂಡಾ ಹಾಗೆ. ಅಪಘಾತಕ್ಕೆಂದು ಪಡೆದದ್ದನ್ನು ಸಭೆಗೆ ಯಾರು ಬರಲಿಲ್ಲ ಎಂದು ನೋಡಲಿಕ್ಕೆ, ಚಂದಾ ವಸೂಲಿಗೆ ರೂಂ ಹುಡುಕಲಿಕ್ಕೆ, ಊರಿನ ಚುನಾವಣೆಯ ಪ್ರಚಾರಕ್ಕೆ ಉಪಯೋಗಿಸಬಾರದು.

ಎರಡನೆಯದು, ಎಷ್ಟು ಬೇಕೋ ಅಷ್ಟೇ. ನಕ್ಷೆಯಲ್ಲಿ ಒಂದು ಜಾಗವನ್ನು ಅಕ್ಷಾಂಶ ರೇಖಾಂಶದ ಅಂಕಿಯಲ್ಲಿ ಬರೆಯುತ್ತಾರೆ. ದಶಾಂಶದ ನಂತರ ಎರಡು ಅಂಕಿ ಇದ್ದರೆ ಸುಮಾರು ಒಂದು ಕಿಲೋಮೀಟರಿನ ಅಂದಾಜು ಸಿಗುತ್ತದೆ. ಮೂರು ಅಂಕಿ ಇದ್ದರೆ ಸುಮಾರು ನೂರು ಮೀಟರ್. ಐದು ಅಂಕಿ ಇದ್ದರೆ ಒಂದು ಮೀಟರ್, ಅಂದರೆ ರೂಮಿನ ಬಾಗಿಲಿನ ತನಕ ಬಂದ ಹಾಗೆ. ಯಾರಿಗಾದರೂ ರಕ್ತ ಬೇಕಾದಾಗ ಹತ್ತಿರದ ಏರಿಯಾದಲ್ಲಿ ನಮ್ಮವರು ಯಾರಿದ್ದಾರೆ ಎಂದು ನೋಡಲಿಕ್ಕೆ ಏರಿಯಾದ ಹೆಸರು ಸಾಕು. ಬಾಗಿಲಿನ ತನಕ ಬರೆದಿಡುವ ಅಗತ್ಯ ಇಲ್ಲ. ವರ್ಷವಿಡೀ ಲೈವ್ ಲೊಕೇಶನ್ ಅಂತೂ ಬೇಡವೇ ಬೇಡ. ಆಪತ್ತು ಬಂದಾಗ ಆ ಹೊತ್ತಿಗೆ ಕೇಳಿ ಪಡೆಯುವ. ವಾಟ್ಸಪ್‌ನಲ್ಲಿ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಉಂಟಲ್ಲ, ದಾರಿಯಲ್ಲಿ ಗಾಡಿ ಕೆಟ್ಟವನಿಗೆ ಒಂದು ಗಂಟೆಯದ್ದೇ ಸಾಕು. ಅದೂ ಗ್ರೂಪಿಗೆ ಅಲ್ಲ, ಸಹಾಯಕ್ಕೆ ಹೊರಟ ಒಬ್ಬನಿಗೆ.

"ಮೊಬೈಲೇ ಬಂದ್ ಆದವನನ್ನು ಹುಡುಕುವುದು ಹೇಗೆ" ಎಂಬ ಪ್ರಶ್ನೆ ನಿಜ. ಆದರೆ ಮೊಬೈಲು ಬಂದ್ ಆದರೆ ಲೈವ್ ಲೊಕೇಶನ್ ಕೂಡಾ ಬಂದ್, ಕೊನೆಗೆ ಎಲ್ಲಿದ್ದ ಎಂಬುದು ಮಾತ್ರ ಉಳಿಯುತ್ತದೆ. ಆಪ್‌ನಿಂದ ಆಗದ ಆ ಕೆಲಸ ಒಂದು ಲಕೋಟೆಯಿಂದ ಆಗುತ್ತದೆ. ಪ್ರತಿಯೊಬ್ಬರೂ ರೂಮಿನ ವಿಳಾಸ, ಕಂಪನಿಯ ವಿವರ, ಪಾಸ್‌ಪೋರ್ಟ್ ಮತ್ತು ಇಕಾಮಾದ ಪ್ರತಿ, ಇವನ್ನು ಒಂದು ಲಕೋಟೆಯಲ್ಲಿ ಹಾಕಿ ತನಗೆ ನಂಬಿಕೆ ಇರುವ ಒಬ್ಬ ಸ್ನೇಹಿತನ ಹತ್ತಿರ ಕೊಟ್ಟಿಡಲಿ. ಸಂಘಟನೆಯ ಹತ್ತಿರ ಆ ಸ್ನೇಹಿತನ ಹೆಸರು, ನಂಬ್ರ ಮಾತ್ರ ಇರಲಿ. ಆಪತ್ತಿನಲ್ಲಿ ನಾವು ಅವನಿಗೆ ಫೋನ್ ಮಾಡಿದರೆ ಐದು ನಿಮಿಷದಲ್ಲಿ ವಿಳಾಸ ಸಿಗುತ್ತದೆ. ಎಲ್ಲರ ಮನೆಯ ಬೀಗದ ಕೈಯನ್ನು ಒಂದೇ ಮೊಳೆಗೆ ನೇತು ಹಾಕಬಾರದು. ಒಂದು ಲಕೋಟೆ ಕಳೆದರೆ ಒಬ್ಬನಿಗೆ ತೊಂದರೆ. ಒಂದು ಶೀಟ್ ಸೋರಿದರೆ ಎಲ್ಲರಿಗೂ ತೊಂದರೆ.

ಮೂರನೆಯದು ಒಪ್ಪಿಗೆ. ಸದಸ್ಯತ್ವದ ಫಾರ್ಮಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ನಮ್ಮಲ್ಲಿ ಕನ್ನಡ ಓದಲು ಕಷ್ಟಪಡುವ ಹಿರಿಯ ಕಾಕಂದಿರು ಇದ್ದಾರೆ. ಅವರಿಗೆ ಬ್ಯಾರಿಯಲ್ಲೇ ಬಾಯಿಮಾತಿನಲ್ಲಿ ಹೇಳಬೇಕು: ಎಂತ ತೆಗೆದುಕೊಳ್ಳುತ್ತೇವೆ, ಯಾಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ. ಬೇಡ ಎಂದರೆ ಬೇಡ. ಬೇಡ ಎಂದ ಕಾರಣಕ್ಕೆ ನಾಳೆ ಆತನಿಗೆ ಸಹಾಯ ಕಮ್ಮಿಯಾಗಬಾರದು, ಅವನ ಬಗ್ಗೆ ಸಂಶಯದ ಮಾತೂ ಬರಬಾರದು. ಇನ್ನೊಬ್ಬರ ಮನೆಗೆ ಅನುಮತಿ ಇಲ್ಲದೆ ಪ್ರವೇಶಿಸಬಾರದು, ಹಿಂತಿರುಗಿ ಹೋಗಿ ಎಂದರೆ ಹಿಂತಿರುಗಬೇಕು ಎಂಬ ಆದೇಶ ಸೂರಃ ನೂರ್‌ನ 27 ಮತ್ತು 28ನೇ ಆಯತ್‌ಗಳಲ್ಲಿ ಉಂಟು. ಉಸ್ತಾದರು ಇಲ್ಲೇ ಇದ್ದಾರೆ, ನಾನು ಹೆಚ್ಚು ವಿವರಿಸುವುದಿಲ್ಲ. ಬಾಗಿಲು ಮರದ್ದಾದರೂ ಮೊಬೈಲಿನದ್ದಾದರೂ ಆ ಅದಬ್ ಒಂದೇ ಎಂದು ನನ್ನ ಭಾವನೆ.

ನಾಲ್ಕನೆಯದು, ಯಾರು ನೋಡಬಹುದು. ಸಂಘದ ಬ್ಯಾಂಕ್ ಚೆಕ್‌ಗೆ ಇಬ್ಬರ ಸಹಿ ಯಾಕೆ? ಒಬ್ಬರ ಮೇಲೆ ನಂಬಿಕೆ ಇಲ್ಲ ಎಂದಲ್ಲ, ಒಬ್ಬರ ಮೇಲೆಯೇ ಭಾರ ಬೀಳಬಾರದು ಎಂದು. ಈ ಪಟ್ಟಿಗೂ ಇಬ್ಬರು ಹೊಣೆಗಾರರು ಸಾಕು. ಪಟ್ಟಿ ತೆರೆದಾಗಲೆಲ್ಲ ಯಾವ ದಿನ, ಯಾರ ವಿವರ, ಯಾವ ಕಾರಣಕ್ಕೆ ಎಂದು ಕ್ಯಾಶ್ ಬುಕ್ಕಿನ ಹಾಗೆ ಒಂದು ಪುಸ್ತಕದಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ ಹಣದ ಲೆಕ್ಕ ಆಡಿಟ್ ಮಾಡುವಾಗ ಈ ಪುಸ್ತಕವನ್ನೂ ಆಡಿಟ್ ಮಾಡುವ. ಸ್ಕ್ರೀನ್‌ಶಾಟ್ ತೆಗೆಯುವುದು, ಫಾರ್ವರ್ಡ್ ಮಾಡುವುದು ಕಟ್ಟುನಿಟ್ಟಾಗಿ ಬೇಡ.

ಐದನೆಯದು, ಅಳಿಸುವುದು. ಆಪತ್ತಿನಲ್ಲಿ ಪಡೆದ ಲೊಕೇಶನನ್ನು ಆ ಕೆಲಸ ಮುಗಿದ ದಿನವೇ ಅಳಿಸಬೇಕು. ಎಕ್ಸಿಟ್ ಹೊಡೆದು ಊರಿಗೆ ಹೋದವರ ವಿವರ ಒಂದು ತಿಂಗಳ ಒಳಗೆ ಹೋಗಬೇಕು. ಹಣದ ದಾಖಲೆಯನ್ನು ವರ್ಷಗಟ್ಟಲೆ ಇಡಬೇಕಾಗುತ್ತದೆ, ಅದು ಬೇರೆ. ಲೊಕೇಶನಿಗೆ ಆ ನಿಯಮ ಇಲ್ಲ. ಸರಕಾರದ ಇಲಾಖೆ ಕಾನೂನು ಪ್ರಕಾರ ಕೇಳಿದರೆ ಇದ್ದದ್ದನ್ನು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಗತ್ಯವೇ ಇಲ್ಲದ ಸಂಗ್ರಹ ನಮ್ಮ ಹತ್ತಿರ ಯಾಕೆ ಇರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಆರನೆಯದು, ಪ್ರಕಟಣೆ. ವಾರ್ಷಿಕ ವರದಿಯಲ್ಲಿ ನಕ್ಷೆ ಹಾಕಿ ನಮ್ಮ ಸದಸ್ಯರು ಎಲ್ಲೆಲ್ಲಿ ಇದ್ದಾರೆ ಎಂದು ಚುಕ್ಕಿ ಇಡುವ ಆಸೆ ಇರುತ್ತದೆ. ಸ್ಟ್ರಾವಾ ಎಂಬ ವ್ಯಾಯಾಮದ ಆಪ್‌ನವರು 2017ರ ನವೆಂಬರ್‌ನಲ್ಲಿ ಜಗತ್ತಿನ ನಕ್ಷೆಯ ಮೇಲೆ ಜನ ಓಡಿದ ದಾರಿಗಳನ್ನು ಹೆಸರಿಲ್ಲದೆ ಪ್ರಕಟಿಸಿದರು. ಅಫ್ಘಾನಿಸ್ತಾನ, ಸಿರಿಯಾದ ಖಾಲಿ ಮರುಭೂಮಿಯಲ್ಲಿ ಬೆಳಕಿನ ಗೆರೆಗಳು ಕಂಡವು. ಸೈನಿಕರು ಓಡಿದ ಜಾಗ ಅದು, ಸೇನಾ ನೆಲೆಗಳು ಎಲ್ಲಿವೆ ಎಂದು 2018ರ ಜನವರಿಯಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಆದ್ದರಿಂದ ನಮ್ಮ ವರದಿಯಲ್ಲಿ ಊರಿನ ಮಟ್ಟದ ಸಂಖ್ಯೆ ಮಾತ್ರ ಸಾಕು. ಒಂದು ಜಾಗದಲ್ಲಿ ಐದಕ್ಕಿಂತ ಕಡಿಮೆ ಜನ ಇದ್ದರೆ ಹತ್ತಿರದ ಊರಿನ ಸಂಖ್ಯೆಗೆ ಸೇರಿಸುವ. "ಒಬ್ಬರು" ಎಂದು ಬರೆದರೆ ಯಾರು ಎಂದು ಬರೆದ ಹಾಗೆಯೇ.

ಏಳನೆಯದು, ಸೋರಿಕೆಯಾದರೆ ಮುಚ್ಚಿಡಬಾರದು. ಸಂಬಂಧಪಟ್ಟವರಿಗೆ ಅದೇ ದಿನ ಹೇಳಬೇಕು. ಸಂಘದ ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಿದ್ದರೆ, ಆ ಮರ್ಯಾದೆಯ ಬೆಲೆ ತೆರುವುದು ಬಡ ಸದಸ್ಯ.

ಹಜ್ ಸ್ವಯಂಸೇವಕರ ವಿಷಯ ಸ್ವಲ್ಪ ಬೇರೆ. ಮಿನಾದಲ್ಲಿ ಲಕ್ಷಾಂತರ ಜನರ ಮಧ್ಯೆ ತಂಡದ ಹುಡುಗರು ಎಲ್ಲಿದ್ದಾರೆ ಎಂದು ನಾಯಕನಿಗೆ ಗೊತ್ತಿರಬೇಕು. ಅಲ್ಲಿ ಲೈವ್ ಲೊಕೇಶನ್ ಪ್ರಯೋಜನಕಾರಿ. ಡ್ಯೂಟಿ ಎಂಟು ಗಂಟೆ ಎಂದರೆ ಎಂಟು ಗಂಟೆ, ಆಮೇಲೆ ಬಂದ್. ದಾರಿ ತಪ್ಪುವ ವೃದ್ಧ ಹಾಜಿಗಳ ಹಿಂದೆ ಟ್ರ್ಯಾಕರ್ ಇಡುವುದಕ್ಕಿಂತ ಅವರ ಕೈಪಟ್ಟಿಯಲ್ಲಿ ಟೆಂಟಿನ ನಂಬ್ರ ಮತ್ತು ಒಂದು ಫೋನ್ ನಂಬ್ರ ಬರೆದು ಕಟ್ಟಿದರೆ ಕೆಲಸ ಬೇಗ ಆಗುತ್ತದೆ. ಅವರಿಗೂ ಅದು ಅರ್ಥವಾಗುತ್ತದೆ.

ಇನ್ನು ಕಂಪನಿಗಳು ನಮ್ಮ ಮೇಲೆ ಇಡುವ ನಿಗಾ. ಡ್ರೈವರ್‌ಗಳು, ಡೆಲಿವರಿ ಹುಡುಗರು ಇದರ ಬಗ್ಗೆ ನನ್ನಲ್ಲಿ ಕೇಳುತ್ತಾ ಇರುತ್ತಾರೆ. ಕಂಪನಿಯ ಗಾಡಿಗೆ ಕಂಪನಿ ಟ್ರ್ಯಾಕರ್ ಹಾಕುವುದು ಸಹಜ. ಗಾಡಿ ಅವರದ್ದು, ಸರಕು ಅವರದ್ದು. ಆದರೆ ಎಷ್ಟು ಬೇಕು ಎಂಬ ಪ್ರಶ್ನೆ ಅಲ್ಲಿಯೂ ಉಂಟು. ಪೆಟ್ರೋಲ್ ಖರ್ಚಿನ ಲೆಕ್ಕಕ್ಕೆ ನಮಗೆ ಬೇಕಾದದ್ದು ಕಿಲೋಮೀಟರ್. ಡ್ರೈವರ್ ಅಸರ್ ನಮಾಝಿಗೆ ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂಬುದು ಯಾವ ಲೆಕ್ಕದ ಕಾಲಂನಲ್ಲಿಯೂ ಬರುವುದಿಲ್ಲ. ನಿಮ್ಮ ಸ್ವಂತ ಮೊಬೈಲಿನಲ್ಲಿ ಕಂಪನಿಯ ಆಪ್ ಹಾಕಲು ಹೇಳಿದರೆ ಗೌರವದಿಂದಲೇ ಎರಡು ಪ್ರಶ್ನೆ ಕೇಳಿ: ಡ್ಯೂಟಿ ಮುಗಿದ ಮೇಲೆ ಇದನ್ನು ಬಂದ್ ಮಾಡಬಹುದಾ? ಕೆಲಸಕ್ಕೆ ಬೇರೆ ಮೊಬೈಲು ಕೊಡುತ್ತೀರಾ? ಡ್ಯೂಟಿ ಮುಗಿದ ಕೂಡಲೇ ಲಾಗೌಟ್ ಆಗುವ ಅಭ್ಯಾಸ ಮಾಡಿ.

ಕಾನೂನು ಕೂಡಾ ಈಗ ಇದೇ ದಿಕ್ಕಿನಲ್ಲಿ ಉಂಟು. ಸೌದಿಯಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು 2021ರಲ್ಲಿ ರಾಜಾಜ್ಞೆಯ ಮೂಲಕ ಬಂತು, 2023ರ ಸೆಪ್ಟೆಂಬರ್ 14ರಿಂದ ಜಾರಿಯಾಯಿತು. ಹೊಂದಿಕೊಳ್ಳಲು ಕೊಟ್ಟ ಒಂದು ವರ್ಷದ ಅವಧಿ ಮುಗಿದು 2024ರ ಸೆಪ್ಟೆಂಬರ್ 14ರಿಂದ ಪೂರ್ತಿಯಾಗಿ ಅನ್ವಯವಾಗುತ್ತದೆ. ಕತಾರ್‌ನಲ್ಲಿ 2016ರಲ್ಲೇ, ಬಹರೈನ್‌ನಲ್ಲಿ 2018ರಲ್ಲಿ, ಯುಎಇಯಲ್ಲಿ 2021ರಲ್ಲಿ, ಒಮಾನ್‌ನಲ್ಲಿ 2022ರಲ್ಲಿ ಇಂಥ ಕಾನೂನು ಬಂದಿದೆ. ನಮ್ಮ ಭಾರತದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಪಾಸು ಮಾಡಿತು. ಈ ಕಾನೂನುಗಳ ತಿರುಳು ನಾನು ಮೇಲೆ ಹೇಳಿದ್ದೇ: ಉದ್ದೇಶ ಹೇಳಿ, ಒಪ್ಪಿಗೆ ಪಡೆಯಿರಿ, ಬೇಕಾದಷ್ಟೇ ತೆಗೆದುಕೊಳ್ಳಿ, ಜೋಪಾನ ಮಾಡಿ, ಕೆಲಸ ಮುಗಿದ ಮೇಲೆ ಅಳಿಸಿ.

ಕೊನೆಗೆ ನಮ್ಮ ಮನೆಯೊಳಗಿನ ಮಾತು. ಮದುವೆಯಾಗಿ ಎರಡು ತಿಂಗಳಿಗೆ ಇಲ್ಲಿಗೆ ಬಂದ ಕೆಲವು ಯುವಕರು ಊರಿನಲ್ಲಿರುವ ಹೆಂಡತಿಯ ಮೊಬೈಲಿನಲ್ಲಿ 24 ಗಂಟೆಯೂ ಲೊಕೇಶನ್ ಆನ್ ಇಡಿಸುತ್ತಾರೆ. ಆಸ್ಪತ್ರೆಗೆ ಹೋದರೆ, ತವರಿಗೆ ಹೋದರೆ, "ಅಲ್ಲಿ ಅರ್ಧ ಗಂಟೆ ಯಾಕೆ ನಿಂತದ್ದು" ಎಂದು ಫೋನ್. ಕಾಳಜಿಯ ಹೆಸರಿನಲ್ಲಿ ಶುರುವಾದದ್ದು ಸಂಶಯದಲ್ಲಿ ಮುಗಿಯುತ್ತದೆ. ಸೂರಃ ಹುಜುರಾತ್‌ನ 12ನೇ ಆಯತ್‌ನಲ್ಲಿ ಅತಿಯಾದ ಸಂಶಯವನ್ನೂ, ಇನ್ನೊಬ್ಬರ ಗುಟ್ಟು ಕೆದಕುವುದನ್ನೂ ಒಟ್ಟಿಗೇ ತಡೆಯಲಾಗಿದೆ. ರಾತ್ರಿ ಪ್ರಯಾಣ ಮಾಡುವಾಗ ಇಬ್ಬರೂ ಒಪ್ಪಿ ಒಂದು ಗಂಟೆ ಲೊಕೇಶನ್ ಹಂಚಿಕೊಂಡರೆ ಅದು ಒಳ್ಳೆಯದು. ನೀವು ನಿಮ್ಮ ಲೊಕೇಶನ್ ಕೊಡದೆ ಅವಳದ್ದು ಮಾತ್ರ ಕೇಳಿದರೆ ಅದು ಕಾವಲು.

ಇವತ್ತು ರಾತ್ರಿ ರೂಮಿಗೆ ಹೋದ ಮೇಲೆ ಮೊಬೈಲಿನ ಸೆಟ್ಟಿಂಗ್ಸ್ ತೆರೆದು ಯಾವ ಯಾವ ಆಪ್‌ಗೆ ಲೊಕೇಶನ್ ಅನುಮತಿ ಉಂಟು ಎಂದು ನೋಡಿ. ಟಾರ್ಚ್‌ಗೆ, ಆಟದ ಆಪ್‌ಗೆ ಲೊಕೇಶನ್ ಯಾಕೆ? ತೆಗೆದುಹಾಕಿ. ಬೇಕಾದ ಆಪ್‌ಗೆ "ಬಳಸುವಾಗ ಮಾತ್ರ" ಎಂದು ಇಡಿ. ನಮಾಝಿನ ಸಮಯದ ಆಪ್‌ಗೆ ಊರಿನ ಹೆಸರನ್ನು ಕೈಯಲ್ಲೇ ಆರಿಸಿ ಕೊಡಬಹುದು, ಇಲ್ಲವಾದರೆ ನಿಖರ ಲೊಕೇಶನ್ ಬಂದ್ ಮಾಡಿ ಅಂದಾಜು ಲೊಕೇಶನ್ ಕೊಟ್ಟರೂ ಸಾಕು. ಗೂಗಲ್ ಮ್ಯಾಪಿನಲ್ಲಿ ಹಿಂದೆ ಯಾರಿಗೋ ಹಂಚಿಕೊಂಡು ಬಂದ್ ಮಾಡದೆ ಬಿಟ್ಟದ್ದು ಇದ್ದರೆ ನಿಲ್ಲಿಸಿ. ರೂಮಿನ, ಮನೆಯ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅದರೊಳಗೆ ಲೊಕೇಶನ್ ಅಡಗಿರಬಹುದು, ಅದೂ ಗಮನದಲ್ಲಿರಲಿ.

ಸಭೆಯ ಮುಂದೆ ನನ್ನ ಸೂಚನೆ ಇಷ್ಟು. ಆಪ್ ಸದ್ಯಕ್ಕೆ ಬೇಡ. ಒಂದು ಪಟ್ಟಿ ಇರಲಿ, ಅದರಲ್ಲಿ ನಾಲ್ಕೇ ಕಾಲಂ: ಹೆಸರು, ಫೋನ್ ನಂಬ್ರ, ಏರಿಯಾ, ಲಕೋಟೆ ಇಟ್ಟುಕೊಂಡಿರುವ ಸ್ನೇಹಿತನ ಹೆಸರು ಮತ್ತು ನಂಬ್ರ. ಇಬ್ಬರು ಹೊಣೆಗಾರರನ್ನು ಇವತ್ತೇ ಆರಿಸುವ. ಆರು ತಿಂಗಳು ನಡೆಸಿ ನೋಡುವ. ಎಲ್ಲಿ ಸಾಕಾಗಲಿಲ್ಲ ಎಂದು ಸಾಂತ್ವನ ವಿಭಾಗದವರು ಬರೆದಿಡಲಿ, ಆಗ ಪುನಃ ಕೂತು ಮಾತಾಡುವ. ನಿಮ್ಮ ಪ್ರಶ್ನೆಗಳಿದ್ದರೆ ಈಗಲೇ ಕೇಳಿ, ನನ್ನ ಮಾತಿಗೆ ಒಪ್ಪದವರು ಇದ್ದರೆ ಅವರೇ ಮೊದಲು ಮಾತಾಡಲಿ.

ನಮ್ಮನ್ನು ನಂಬಿ ಜನರು ಕೊಟ್ಟದ್ದನ್ನು, ಅದು ಹಣವೇ ಇರಲಿ, ಗುಟ್ಟೇ ಇರಲಿ, ಒಂದು ಲೊಕೇಶನ್ನೇ ಇರಲಿ, ಅಮಾನತ್ ಆಗಿ ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.